ಹುಳಿಯಲ್ಲಿ ನೆಂದ ಹಿತ್ತಾಳೆ

“ಮುಟ್ಟಬೇಡಿ” ಅಂದರು ರಮಾನಾಥರು.

ಅಷ್ಟರಲ್ಲಿ ಮುಟ್ಟಿಯಾಗಿತ್ತು. ಅವರ ಬೇಸ್‌ಮೆಂಟಿನ ಗೋಡೆಯುದ್ದಕ್ಕೂ ಇದ್ದ ಉಕ್ಕಿನ ಕಪಾಟಿನಲ್ಲಿ, ನನ್ನ ಎದೆಯೆತ್ತರದ ಹಲಗೆಯ ಮೇಲೆ, ಎರಡು ಡಬ್ಬಿಗಳ ನಡುವೆ ಒಂದು ದುಂಡನೆಯ ಗುರುತು ಇತ್ತು. ಅದರ ಹೊರಗೆ ಧೂಳು ದಪ್ಪ, ಒಳಗೆ ತೆಳು. ಯಾವುದೋ ಡಬ್ಬಿ ಅಲ್ಲಿ ಬಹಳ ಕಾಲ ಕೂತು ಈಚೆಗೆ ಎದ್ದು ಹೋಗಿತ್ತು. ನಾನು ಬೆರಳಿಟ್ಟದ್ದು ಆ ಗುರುತಿನ ಅಂಚಿಗೆ.

“ಧೂಳು ಮುಟ್ಟಿದ್ರೂ ತಪ್ಪಾ?” ಅಂತ ಕೇಳಿದೆ.

“ನನ್ನ ಮನೆಯ ಧೂಳು ನನ್ನದು. ನೀವು ಪೊಲೀಸ್ ಅಲ್ಲ, ಎಂತದೂ ಅಲ್ಲ. ಐದು ನಿಮಿಷ ಅಂತ ಹೇಳಿ ಬಂದದ್ದು, ಆಯ್ತಲ್ಲ, ಇನ್ನು ನಡೀರಿ.”

ಅವರು ಮೆಟ್ಟಿಲಿಗೆ ಅಡ್ಡ ನಿಂತು “ನಡೀರಿ” ಅನ್ನುತ್ತಿದ್ದರು. ಮನುಷ್ಯನಿಗೆ ನಾನು ಹೋಗಬೇಕೋ ಬೇಡವೋ ಅನ್ನುವುದು ಸ್ವತಃ ಗೊತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಸೌಜನ್ಯ ಕೈಕಟ್ಟಿಕೊಂಡು ನಿಂತಿದ್ದಳು. ದಾರಿಯುದ್ದಕ್ಕೂ ಅತ್ತು ಕೆಂಪಾದ ಅವಳ ಕಣ್ಣು ಈಗ ಒಣಗಿ ರಮಾನಾಥರ ಮೇಲೆ ನೆಟ್ಟಿತ್ತು.

ಹಿಂದಿನದ್ದು ಓದದವರಿಗೆ ಇಷ್ಟು ಸಾಕು: ವೆಸ್ಟ್ ವಿಂಡ್ಸರ್‌ನಲ್ಲಿ ಅರವಿಂದ್ ಎಂಬಾತ ಮೇ ತಿಂಗಳ ಒಂದು ಸಂಜೆ ತನ್ನ ಮನೆಯ ಹಿತ್ತಿಲಿನ ಡೆಕ್ ಮೇಲೆ, ಅಂದರೆ ಮರದ ಜಗಲಿಯ ಮೇಲೆ, ಕೂತಿದ್ದಾಗ ಹಿಂದಿನ ಮರಗಳ ಕಡೆಯಿಂದ ಬಂದ ಗುಂಡಿಗೆ ಸತ್ತ, ಪಕ್ಕದ ಮನೆಯ ಜಗದೀಶ್ ಕೊಲೆಯ ಆರೋಪ ಹೊತ್ತು ಕೌಂಟಿ ಜೈಲಿನಲ್ಲಿದ್ದಾನೆ, ಅವನನ್ನು ಬಿಡಿಸಿಕೊಡಿ ಅಂತ ಅವನ ಹೆಂಡತಿ ಸೌಜನ್ಯ ನನ್ನ ಕಾಲು ಹಿಡಿದಿದ್ದಾಳೆ.

ನಾನು ಸರೋಜಿನಿ. ವಿಮೆ ಕಂಪನಿಯೊಂದಕ್ಕೆ ಸುಳ್ಳು ಕ್ಲೇಮುಗಳನ್ನು ಹಿಡಿದುಕೊಟ್ಟು ಕೂದಲು ಬೆಳ್ಳಗಾದ ಮೇಲೆ ಸ್ವಂತ ಲೈಸೆನ್ಸ್ ತೆಗೆದು ಪತ್ತೇದಾರಿಗೆ ಇಳಿದವಳು. ಕೆಟ್ಟ ಬೆನ್ನು, ಸುಟ್ಟ ಅಡುಗೆಮನೆ, ಕಳುವಾದ ಬಂಗಾರ ಅಂತ ಬರೆದುಕೊಟ್ಟ ಎಷ್ಟೋ ನಮ್ಮವರ ಬೆನ್ನು, ಅಡುಗೆಮನೆ, ಬಂಗಾರ ಎಲ್ಲ ನೆಟ್ಟಗಿರುವುದನ್ನು ನಾನೇ ಫೋಟೋ ತೆಗೆದಿದ್ದೇನೆ. ಹಾಗಾಗಿ ವುಡ್‌ಬ್ರಿಡ್ಜ್‌ನಿಂದ ಪಾರ್ಸಿಪನಿವರೆಗೆ ನನ್ನನ್ನು ಅರಿಶಿನ ಕುಂಕುಮಕ್ಕೆ ಕರೆಯುವವರು ಯಾರೂ ಇಲ್ಲ. ಅದರಿಂದ ನನಗೆ ನಷ್ಟವೂ ಇಲ್ಲ.

ರಮಾನಾಥರು ಪಾರ್ಸಿಪನಿಯಲ್ಲಿ ಹೋಟೆಲ್ ಇಟ್ಟವರು, ಕುಂದಾಪುರದ ಕಡೆಯವರು. ಆ ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಅವರ ಗಲ್ಲಾದ ಮುಂದೆ ನಿಂತು, ಅರವಿಂದನ ಕೊಲೆಯ ವಿಷಯ ಮಾತಾಡಬೇಕಿತ್ತು ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದೆ. ಮಸಾಲೆದೋಸೆ ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಅವರು ಆ ಕ್ಷಣವೇ ಏಪ್ರನ್ ಬಿಚ್ಚಿ ನಮ್ಮಿಬ್ಬರನ್ನೂ ಹೋಟೆಲಿನ ಹಿಂದಿದ್ದ ಮನೆಗೆ ಕರೆದುಕೊಂಡು ಬಂದರು.

ಅವರ ಬೇಸ್‌ಮೆಂಟ್ ನೋಡಿದರೆ ಹೋಟೆಲಿನ ಸಾಮಾನಿನ ಕೋಣೆ ಅನ್ನಬೇಕು. ಹಲಗೆ ತುಂಬ ಗಾಜಿನ ಭರಣಿಗಳು, ಸ್ಟೀಲ್ ಡಬ್ಬಿಗಳು. ಪ್ರತಿಯೊಂದರ ಮೇಲೂ ಅಡುಗೆಮನೆಯಲ್ಲಿ ಸಾರಿನಪುಡಿಗೆ ಅಂಟಿಸುವಂತೆ ಕಾಗದದ ಪಟ್ಟಿ, ಅದರ ಮೇಲೆ ತಾರೀಕು. ಹಳೆಯದು ಮುಂದೆ, ಹೊಸದು ಹಿಂದೆ. ಒಳಗಿರುವುದು ಮಾತ್ರ ಸಾರಿನಪುಡಿ ಅಲ್ಲ, ಖಾಲಿ ತೋಟಾಗಳು. ಗುಂಡು ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪನ್ನು ಎಸೆಯದೆ ತಂದು, ತೊಳೆದು, ಆರಿಸಿ, ಮತ್ತೆ ತುಂಬಿಸಿ ಬಳಸುವುದು ಗುರಿ ಹೊಡೆಯುವವರ ಹವ್ಯಾಸ. ಅವರ ಬಾಯಲ್ಲಿ ಅದಕ್ಕೆ ‘ಬ್ರಾಸ್’ ಅಂತ ಹೆಸರು. ರಮಾನಾಥರು ಇದನ್ನು ಜಗದೀಶನಿಗೂ ಕಲಿಸಿದ್ದರು. ಇಬ್ಬರೂ ಒಂದೇ ಕ್ಲಬ್ಬಿನಲ್ಲಿ, ಒಂದೇ ಅಳತೆಯ ರೈಫಲ್‌ನಿಂದ ಗುರಿ ಹೊಡೆಯುತ್ತಿದ್ದರು.

ಈ ಅಳತೆಯ ಒಂದು ಖಾಲಿ ತೋಟಾವೇ ಜಗದೀಶನನ್ನು ಜೈಲಿಗೆ ಹಾಕಿದ್ದು. ಅರವಿಂದನ ಮನೆಯ ಹಿಂದಿನ ಮರಗಳ ಕೆಳಗೆ, ಒದ್ದೆ ಎಲೆಗಳ ನಡುವೆ ಪೊಲೀಸರಿಗೆ ಅದು ಸಿಕ್ಕಿತ್ತು. ತಳದಲ್ಲಿ ಕೆಂಪು ಗೆರೆ. ಕ್ಲಬ್ಬಿನ ನೆಲದ ಮೇಲೆ ನೂರಾರು ಜನರ ತೋಟಾಗಳ ನಡುವೆ ತನ್ನದನ್ನು ಗುರುತಿಸಿಕೊಳ್ಳಲು ಜಗದೀಶ್ ಪ್ರತಿಯೊಂದರ ತಳಕ್ಕೂ ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಗೆರೆ ಎಳೆಯುತ್ತಿದ್ದ. ಇಡೀ ಕ್ಲಬ್ಬಿಗೆ ಅದು ಗೊತ್ತು. ಯಾವ ರೈಫಲ್‌ನಿಂದ ಹಾರಿದ್ದು ಅನ್ನುವ ಲ್ಯಾಬಿನ ವರದಿ ಇನ್ನೂ ಬಂದಿಲ್ಲ, ಆದರೂ ಪೊಲೀಸರಿಗೆ ಆ ಗೆರೆಯೇ ಸಾಕಾಯಿತು.

ಜೊತೆಗೆ ಜಗಳ ಬೇರೆ ಇತ್ತು. ಅರವಿಂದ್ ದೂರು ಕೊಡುವುದನ್ನೇ ಕಸುಬು ಮಾಡಿಕೊಂಡವನು. ಪಕ್ಕದವರ ಹುಲ್ಲು ಎತ್ತರ ಬೆಳೆದರೆ ಟೌನ್‌ಶಿಪ್‌ಗೆ ದೂರು, ಎದುರಿನವರ ಮನೆಯಲ್ಲಿ ಭಜನೆ ನಡೆದರೆ ಪೊಲೀಸರಿಗೆ ದೂರು. ಜಗದೀಶನ ಬೇಸ್‌ಮೆಂಟಿನಲ್ಲಿ ಮದ್ದಿನ ಪುಡಿ ಇದೆ ಅಂತ ಬೆಂಕಿ ಇಲಾಖೆಯವರನ್ನು ಕಳಿಸಿದ. ಅವರು ಬಂದು, ಎಲ್ಲ ಕಾನೂನಿನ ಪ್ರಕಾರವೇ ಇದೆ ಅಂತ ಹೇಳಿ ಹೋದರು. ಆಮೇಲೆ ಯುಗಾದಿ ಊಟದ ಪಂಕ್ತಿಯಲ್ಲಿ ಇಬ್ಬರಿಗೂ ಹತ್ತಿಕೊಂಡಿತು. ನಿನ್ನನ್ನು ನೋಡ್ಕೋತೀನಿ ಅಂತ ಜಗದೀಶ್ ಕೂಗಿದ್ದನ್ನು ಹೋಳಿಗೆ ತಿನ್ನುತ್ತಿದ್ದ ಸಭೆಯೆಲ್ಲ ಕೇಳಿಸಿಕೊಂಡಿತ್ತು.

ಇಷ್ಟಿದ್ದ ಮೇಲೆ ನಾನು ಈ ಕೇಸ್ ಯಾಕೆ ಹಿಡಿದೆ? ಆ ಖಾಲಿ ತೋಟಾದ ಬಣ್ಣ ನೋಡಿ.

ಜಗದೀಶನ ಲಾಯರ್ ಹರ್ಷ ನನ್ನನ್ನು ಸರ್ಕಾರಿ ವಕೀಲರ ಆಫೀಸಿಗೆ ಕರೆದುಕೊಂಡು ಹೋಗಿ ಪ್ಲಾಸ್ಟಿಕ್ ಚೀಲದಲ್ಲಿದ್ದ ಆ ಹಿತ್ತಾಳೆಯನ್ನು ತೋರಿಸಿದ. ಪೊಲೀಸರ ಟಿಪ್ಪಣಿಯಲ್ಲಿ ಬಣ್ಣಗೆಟ್ಟಿದೆ ಅಂತ ಬರೆದಿತ್ತು. ಒದ್ದೆ ಎಲೆಗಳಲ್ಲಿ ಬಿದ್ದಿದ್ದಕ್ಕೆ ಹಾಗಾಗಿದೆಯಂತೆ. ಒದ್ದೆಯಲ್ಲಿ ಬಿದ್ದ ಹಿತ್ತಾಳೆ ಕಪ್ಪಾಗುತ್ತದೆ, ಹಸಿರು ಹಿಡಿಯುತ್ತದೆ. ಇದು ಗುಲಾಬಿಯಾಗಿತ್ತು, ತಾಮ್ರದ ಹಾಗೆ. ದೀಪದ ಕಂಬವನ್ನು ಹುಣಸೆಹುಳಿಯಲ್ಲಿ ಹಾಕಿ ಮರೆತು, ಬೆಳಿಗ್ಗೆ ತೆಗೆದು, ಅಯ್ಯೋ ಕೆಂಪಾಯ್ತಲ್ಲ ಅಂತ ಅತ್ತೆಯ ಬೈಗುಳ ತಿಂದ ಯಾವ ಹೆಂಗಸಿಗೂ ಆ ಬಣ್ಣ ಗೊತ್ತು. ಹುಳಿ ಹೆಚ್ಚು ಹೊತ್ತು ಕೂತರೆ ಹಿತ್ತಾಳೆಯಲ್ಲಿರುವ ಸತುವನ್ನು ತಿಂದುಬಿಡುತ್ತದೆ, ತಾಮ್ರ ಮೇಲೆ ನಿಲ್ಲುತ್ತದೆ.

ನಾನು ನೇರ ಜಗದೀಶನ ಮನೆಗೆ ಹೋಗಿ ಅವನ ತಾಯಿ ಲಕ್ಷ್ಮಮ್ಮನವರ ಮುಂದೆ ಕೂತೆ. ನಾಗಮಂಗಲದ ಕಡೆಯವರು, ಮಗನ ಮನೆಗೆ ಬಂದು ವರ್ಷವಾಗುತ್ತ ಬಂದಿತ್ತು. ಮಗ ಜೈಲಿಗೆ ಹೋದಾಗಿನಿಂದ ಸರಿಯಾಗಿ ಉಂಡಿಲ್ಲ. ಈ ಮನೆಯಲ್ಲಿ ತೋಟಾಗಳನ್ನು ಯಾರಾದರೂ ಹುಣಸೆಹಣ್ಣಿನಲ್ಲಿ ತೊಳೆದಿದ್ದಾರಾ ಅಂತ ಕೇಳಿದ್ದೇ ತಡ, ಸೆರಗು ಬಾಯಿಗಿಟ್ಟುಕೊಂಡರು.

“ನಾನೇ ಕಣವ್ವ. ದೀಪಾವಳಿಗೆ ದೀಪದ ಕಂಬ ನೆನೆಯಾಕಿದ್ದೆ. ಕೆಳಗೆ ನೋಡಿದ್ರೆ ಮೇಜಿನ ಮ್ಯಾಲೆ ಒಂದು ಕಾಫಿಪುಡಿ ಡಬ್ಬಿ ತುಂಬ ಹಿತ್ತಾಳೆ ಕರ್ರಗೆ ಬಿದ್ದದೆ. ಹಬ್ಬದ ಮನೇಲಿ ಹಂಗೆ ಬುಡಕ್ಕಾಯ್ತದಾ? ಅದ್ನೂ ಉಪ್ಪು ಹುಳೀಲಿ ಹಾಕ್ದೆ. ಬೆಳಗ್ಗೆ ನೋಡಿ ನನ್ ಮಗ ಎಂದೂ ಬೈಯದವನು ಬೈದ.”

ಬೈಯದೆ ಏನು ಮಾಡಿಯಾನು? ಮೇಲೆ ಅಡುಗೆಮನೆಯಲ್ಲಿ ತಾಯಿಗೆ ಎಷ್ಟು ಮಡಿಯೋ ಕೆಳಗೆ ಬೇಸ್‌ಮೆಂಟಿನಲ್ಲಿ ಮಗನಿಗೆ ಅಷ್ಟೇ ಮಡಿ. ಒಂದೊಂದು ಖಾಲಿ ತೋಟಾವನ್ನೂ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುವವನು. ಬಾಯಿ ನಜ್ಜಾಗಿದ್ದರೆ, ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕಿದ್ದರೆ, ತಳದ ಹತ್ತಿರ ಹೊಳೆಯುವ ಗೆರೆ ಕಂಡರೆ, ಅದನ್ನು ಇಕ್ಕಳದಲ್ಲಿ ಜಜ್ಜಿ ಕಸಕ್ಕೆ ಹಾಕುವನು, ಇನ್ನೊಬ್ಬರ ಕೈಗೂ ಸಿಗಬಾರದು ಅಂತ. ಉಳಿದದ್ದನ್ನು ಎಷ್ಟು ಸಲ ಹಾರಿಸಿದೆ ಅನ್ನುವುದರ ಮೇಲೆ ಬೇರೆ ಬೇರೆ ಪೆಟ್ಟಿಗೆಯಲ್ಲಿ ಬಿಗಿಯಾಗಿ ಮುಚ್ಚಿ ಬೀಗ ಹಾಕುವನು. ಗಾಜು ಒರೆಸುವ ದ್ರಾವಣದಲ್ಲಿ ಅಮೋನಿಯಾ ಇರುತ್ತದೆ, ಅದರ ಗಾಳಿಗೇ ಹಿತ್ತಾಳೆ ಬಿರುಕು ಬಿಡುತ್ತದೆ ಅಂತ ಅದನ್ನು ಬೇಸ್‌ಮೆಂಟಿಗೆ ತರಲೂ ಬಿಡುತ್ತಿರಲಿಲ್ಲ. ಅಂಥವನು ಹುಳಿ ತಿಂದ ಹಿತ್ತಾಳೆಯಲ್ಲಿ ಮದ್ದು ತುಂಬಿಸಿ ತನ್ನ ಮುಖದ ಪಕ್ಕ ಇಟ್ಟು ಹಾರಿಸುವುದೇ? ಸಾಧ್ಯವೇ ಇಲ್ಲ.

ಹಾಗಾದರೆ ಆ ಡಬ್ಬಿ ಸಿಕ್ಕವರು ಯಾರೋ ಅವರೇ ಕೊಲೆಗಾರರು. ಡಬ್ಬಿ ಎಲ್ಲಿಗೆ ಹೋಯಿತು ಅಂತ ಲಕ್ಷ್ಮಮ್ಮನವರನ್ನು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಸೌಜನ್ಯ ಹೇಳಿದಳು: ಹಬ್ಬದ ಊಟಕ್ಕೆ ಬಂದಿದ್ದ ರಮಾನಾಥ ಅಂಕಲ್ ಅದನ್ನು ತಗೊಂಡು ಹೋದರು, ಇಷ್ಟೊಂದು ಯಾಕೆ ಜಜ್ತೀಯ, ನಾನೇ ಕ್ಲಬ್ಬಿನ ಗುಜರಿ ಬಕೆಟ್ಟಿಗೆ ಹಾಕ್ತೀನಿ ಅಂದಿದ್ದರು. ನನಗೆ ಖುಷಿಯೋ ಖುಷಿ. ಬೆಳಿಗ್ಗೆಯೇ ಹರ್ಷನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನು ಇದನ್ನು ಜಗದೀಶನ ಬಾಯಿಂದಲೇ ಕೇಳಿಕೊಂಡು ಬರುತ್ತೇನೆ ಅಂತ ಜೈಲಿಗೆ ಹೊರಟ. ನಾನು ಪಾರ್ಸಿಪನಿಗೆ ಹೊರಟೆ. ಸೌಜನ್ಯ ತಾನೂ ಬರುತ್ತೇನೆ ಅಂತ ಹಟ ಹಿಡಿದಳು, ಆ ಮನುಷ್ಯ ನನ್ನ ಮುಖ ನೋಡಿ ಸುಳ್ಳು ಹೇಳಲಿ ನೋಡೋಣ ಅಂದಳು.

ಹೀಗೆ ನಾವು ಮೂವರೂ ಆ ಬೇಸ್‌ಮೆಂಟಿನಲ್ಲಿ ನಿಂತಿದ್ದೆವು.

“ಗುಜರಿ ಬಕೆಟ್ಟಿಗೆ ಹಾಕ್ತೀನಿ ಅಂದಿದ್ರಲ್ಲ, ಹಾಕಿದ್ದು ಯಾವಾಗ?” ಅಂತ ನಾನು ಕೇಳಿದೆ.

“ಮಾರನೇ ದಿನವೇ.”

“ಹಾಗಾದ್ರೆ ಇಲ್ಲಿ ಕೂತಿದ್ದು ಯಾವ ಡಬ್ಬಿ?”

ಅವರು ಆ ಗುರುತಿನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ಉತ್ತರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಂದು ಜಾತಿ. ಹೆಗಲು ತನ್ನದೇ ಅಲ್ಲ ಅನ್ನುವ ಹಾಗೆ ನಿಲ್ಲುವವರು ಇನ್ನೊಂದು. ಇವರು ಎರಡನೆಯವರು.

“ಕಾಫಿಪುಡಿ ಡಬ್ಬಿ ಎಷ್ಟು ದೊಡ್ಡದೋ ಅಷ್ಟೇ ಗುರುತು” ಅಂದೆ. “ಪಟ್ಟಿ ಅಂಟಿಸದೆ ನೀವು ಇಲ್ಲಿ ಏನನ್ನೂ ಇಡುವವರಲ್ಲ. ಹಳೆಯದು ಮುಂದೆ, ಹೊಸದು ಹಿಂದೆ. ಈ ಗುರುತಿನ ಮುಂದಿನ ಡಬ್ಬಿಯ ತಾರೀಕು ಅಕ್ಟೋಬರ್, ಹಿಂದಿನ ಡಬ್ಬಿಯದು ಡಿಸೆಂಬರ್. ನಡುವೆ ಇದ್ದದ್ದು ದೀಪಾವಳಿಗೆ ಬಂದದ್ದು. ನೀವು ಎಸೆದಿಲ್ಲ.”

ಅವರ ಮುಖಕ್ಕೆ ರಕ್ತ ಏರಿತು. ಹಿತ್ತಾಳೆಯನ್ನು ಎಸೆಯಲು ತನಗೆ ಮನಸ್ಸು ಬರಲಿಲ್ಲ, ಅಷ್ಟೇ ತನ್ನ ತಪ್ಪು ಅಂದರು. ಅವರ ತಾಯಿ ಒಡೆದ ಸೌಟನ್ನೂ ಎಸೆಯದೆ ಕಂಚುಗಾರನಿಗೆ ಕೊಟ್ಟವರಂತೆ. ತುಂಬಿಸಲು ಆಗದಿದ್ದರೇನು, ಕರಗಿಸಿದರೆ ಒಂದು ಪೂಜೆಯ ಗಂಟೆಯಾದರೂ ಆದೀತು ಅಂತ ಇಟ್ಟುಕೊಂಡಿದ್ದರಂತೆ.

“ಅಂದ್ರೆ ಡಬ್ಬಿ ಇಲ್ಲೇ ಇತ್ತು” ಅಂದಳು ಸೌಜನ್ಯ. “ಕೇಳಿಸ್ಕೊಂಡ್ರಲ್ಲ ಆಂಟಿ. ಇಲ್ಲೇ ಇತ್ತು.”

ಅವಳ ದನಿ ನಡುಗುತ್ತಿತ್ತು. ನಾನು ಅವಳನ್ನು ಸುಮ್ಮನಿರಿಸಿ ರಮಾನಾಥರ ಮೇಲೆ ಪಟ್ಟು ಬಿಗಿ ಮಾಡಿದೆ. ನಿಮ್ಮ ಹೋಟೆಲಿನ ಹೊಗೆ ಕೊಳವೆ ಸರಿಯಿಲ್ಲ ಅಂತ ಅರವಿಂದ್ ಯಾರ್ಯಾರಿಗೆ ಬರೆದಿದ್ದ, ಅದರಿಂದ ಹೋಟೆಲ್ ಎಷ್ಟು ದಿನ ಬಾಗಿಲು ಹಾಕಿತ್ತು ಅನ್ನುವುದು ನನಗೆ ಗೊತ್ತಿದೆ ಅಂದೆ. ಅದೇ ಅಳತೆಯ ರೈಫಲ್ ನಿಮ್ಮ ಹತ್ತಿರ ಇದೆ. ಕೆಂಪು ಗೆರೆಯ ತೋಟಾ ಅಲ್ಲಿ ಬಿದ್ದರೆ ಸಿಕ್ಕಿಬೀಳುವವನು ಜಗದೀಶ್ ಅನ್ನುವುದೂ ನಿಮಗೆ ಗೊತ್ತಿತ್ತು. ಆ ಥರದ ರೈಫಲ್‌ನಲ್ಲಿ ಗುಂಡು ಹಾರಿದ ಮೇಲೆ ಖಾಲಿ ತೋಟಾ ತಾನಾಗಿ ಹೊರಗೆ ಬೀಳುವುದಿಲ್ಲ, ಕೈಯಿಂದ ಎಳೆದು ಬೀಳಿಸಬೇಕು. ಒಂದೇ ಗುಂಡು ಹಾರಿಸಿ ಓಡುವವನು ಅದನ್ನು ಯಾಕೆ ಬೀಳಿಸಿದ? ಸಿಗಲಿ ಅಂತಲೇ ಬೀಳಿಸಿದ.

“ಮಾತು ಮುಗೀತಾ?” ಅಂದರು ರಮಾನಾಥರು.

“ಮುಗಿಯುವುದು ಪೊಲೀಸರ ಮುಂದೆ.”

“ನಿಮಗೆ ಸಂಬಳ ಕೊಡುವವರ ಎದುರಿಗೇ ಬಾಯಿ ಇಷ್ಟು ಜೋರು. ವಿಮೆ ಕಂಪನಿಯ ಬಾಗಿಲು ಕಾಯ್ತಿದ್ದ ಬುದ್ಧಿ ಹೋಗ್ಲಿಲ್ಲ ನಿಮ್ಮದು. ನನ್ನ ಅಣ್ಣನ ಮಗ ಕೈ ಮುರಿದುಕೊಂಡದ್ದು ನಿಜ ಸರೋಜಿನಿಯಕ್ಕ. ನೀವು ಸುಳ್ಳು ಅಂತ ಬರೆದದ್ದು.”

ನಾನು ಬರೆದದ್ದು ಸರಿಯೇ ಇತ್ತು. ಮುರಿದ ಕೈಯಲ್ಲೇ ಆ ಹುಡುಗ ವಾಲಿಬಾಲ್ ಆಡುತ್ತಿದ್ದ. ಆದರೂ ಆ ‘ಅಕ್ಕ’ ಅನ್ನುವುದು ಉಗುಳಿದ ಹಾಗೆ ಕೇಳಿಸಿ ನನಗೆ ಮೈಯೆಲ್ಲ ಉರಿಯಿತು. ಫೋನ್ ತೆಗೆದು ಆ ದುಂಡನೆಯ ಗುರುತಿನ ಫೋಟೋ ಹೊಡೆದೆ. ಇಂದು ಸಂಜೆಗೇ ಇದು ಹರ್ಷನ ಮೇಜಿನ ಮೇಲಿರುತ್ತದೆ, ಸೋಮವಾರ ಬೆಳಿಗ್ಗೆ ನಿಮ್ಮ ಹೋಟೆಲಿನ ಮುಂದೆ ಪೊಲೀಸ್ ಕಾರು ನಿಂತಿರುತ್ತದೆ ಅಂದೆ.

ಆಗ ಅವರು ಮೆಟ್ಟಿಲು ಬಿಟ್ಟು ಕೆಳಗಿಳಿದರು. ನನ್ನ ಹತ್ತಿರ ಬರಲಿಲ್ಲ. ಸೌಜನ್ಯಳ ಎದುರಿಗೆ ಹೋಗಿ ನಿಂತರು.

“ನೀನು ಹೇಳ್ತೀಯಾ, ನಾನು ಹೇಳ್ಬೇಕಾ?”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಮಗಳ ಹಾಗೆ ಅಂತ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನಿನಗೆ ನನ್ನನ್ನೇ ಹಿಡಿದುಕೊಡುವಷ್ಟು ಧೈರ್ಯ ಬಂತಲ್ಲ. ಈಗ ಮುಚ್ಚಿಕೊಳ್ಳುದಿಲ್ಲ.”

“ಅಂಕಲ್, ಸುಮ್ನೆ ಏನೇನೋ ಹೇಳ್ಬೇಡಿ.”

“ಡಬ್ಬಿ ಇಲ್ಲಿಂದ ತಗೊಂಡು ಹೋದದ್ದು ಇವಳು” ಅಂತ ಅವರು ನನ್ನ ಕಡೆ ತಿರುಗದೆಯೇ ಹೇಳಿದರು. “ಯುಗಾದಿ ಜಗಳ ಆದ ಮುಂದಿನ ವಾರ. ಒಬ್ಬಳೇ ಬಂದದ್ದು. ಅವರಿಗೆ ವಾಪಸ್ ಬೇಕಂತೆ ಅಂದಳು. ನಾನು ಇದೇ ಹಲಗೆಯಿಂದ ತೆಗೆದುಕೊಟ್ಟೆ.”

ನಾನು ಸೌಜನ್ಯಳನ್ನು ನೋಡಿದೆ. ಅವಳ ಕಣ್ಣು ಕಪಾಟಿನ ಮೇಲಿತ್ತು, ಯಾವ ಡಬ್ಬಿಯ ಮೇಲೂ ನಿಲ್ಲದೆ ಓಡಾಡುತ್ತಿತ್ತು. ಸಿಕ್ಕಿಬಿದ್ದ ಮನುಷ್ಯರು ಹೀಗೆ ನೋಡುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ನನ್ನ ಸ್ವಂತ ಕಕ್ಷಿದಾರಳ ಮುಖದಲ್ಲಿ ಕಂಡದ್ದು ಇದೇ ಮೊದಲು.

ಅತ್ತೆಯನ್ನು ಕೇಳಿದ ಪ್ರಶ್ನೆಗೆ ಸೊಸೆ ಉತ್ತರ ಕೊಟ್ಟಿದ್ದಳು. ಆಗಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಆ ಗುಲಾಬಿ ಬಣ್ಣ ಕಂಡುಹಿಡಿದ ನನ್ನ ಜಾಣತನಕ್ಕೆ ನಾನೇ ಬೀಗಿ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಪಾರ್ಸಿಪನಿಗೆ ಓಡಿಬಂದಿದ್ದೆ. ನನ್ನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದು ಈಚೆಗೆ ಇಲ್ಲ.

“ಇವಳಿಗೆ ಅದರಿಂದ ಏನಾಗಬೇಕಿತ್ತು?” ಅಂತ ಕೇಳಿದೆ. “ಇವಳು ಬಂದೂಕು ಹಿಡಿದದ್ದು ಒಂದೇ ಸಲ, ಅದೂ ಫೋಟೋಗೆ.”

“ಹಾಗಂತ ನಿಮಗೆ ಹೇಳಿದ್ಳಾ?” ರಮಾನಾಥರು ನಕ್ಕರು. ಸಂತೋಷದ ನಗು ಅಲ್ಲ. “ಗಂಡನಿಗಿಂತ ಇವಳ ಕೈ ಸ್ಥಿರ. ನಾನೇ ಕಲಿಸಿದ್ದು. ಬ್ರಾಸ್ ತುಂಬಿಸುವುದೂ ಇದೇ ಮೇಜಿನ ಮೇಲೆ ಕಲಿತದ್ದು. ಇವಳ ಡೇಕೇರ್ ಯಾಕೆ ಮುಚ್ಚಿತು ಅಂತ ಕೇಳಿ. ಅದನ್ನೂ ಕೇಳಿ.”

ಸೌಜನ್ಯ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಡೇಕೇರ್ ನಡೆಸುತ್ತಿದ್ದಳು. ಬೆನ್ನುನೋವಿಗೆ ನಿಲ್ಲಿಸಿದೆ ಅಂತ ನನಗೆ ಹೇಳಿದ್ದಳು. ಬೆನ್ನುನೋವು ಅಂದರೆ ನಾನು ಮೂವತ್ತು ವರ್ಷ ನಂಬದವಳು, ಈ ಒಂದು ಸಲ ನಂಬಿದ್ದೆ. ಮದ್ದಿನ ಪುಡಿ ಇರುವ ಮನೆಯಲ್ಲಿ ಕೂಸುಗಳನ್ನು ಮಲಗಿಸುತ್ತಾರೆ ಅಂತ ಅರವಿಂದ್ ಪ್ರತಿಯೊಬ್ಬ ತಾಯಿಗೂ ಫೋನ್ ಮಾಡಿದ್ದನಂತೆ. ಮಕ್ಕಳೆಲ್ಲ ಒಂದೇ ವಾರದಲ್ಲಿ ಖಾಲಿಯಾದರು. ಬೆಂಕಿ ಇಲಾಖೆಯವರು ಎಲ್ಲ ಸರಿಯಿದೆ ಅಂತ ಬರೆದುಕೊಟ್ಟದ್ದು ಆಮೇಲೆ. ಆ ಹೊತ್ತಿಗೆ ಅವಳ ಮನೆಯಲ್ಲಿ ತೊಟ್ಟಿಲುಗಳು ಮಾತ್ರ ಉಳಿದಿದ್ದವು.

ಅದು ನಿಜವಾ ಅಂತ ಅವಳನ್ನೇ ಕೇಳಿದೆ.

“ನಿಜ” ಅಂದಳು. “ಆಂಟಿ, ಅವನು ಸತ್ತಿದ್ದಕ್ಕೆ ನನಗೆ ಒಂದು ಚೂರೂ ಬೇಜಾರಿಲ್ಲ. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ.”

“ಡಬ್ಬಿ?”

“ಅದು ಬೇರೆ ವಿಷಯ.”

“ಬೇರೆ ಹೇಗಾಗ್ತದೆ?” ಅಂದರು ರಮಾನಾಥರು. “ಕೊಟ್ಟ ಮೇಲೆ ನನಗೇ ಸಮಾಧಾನ ಇರ್ಲಿಲ್ಲ. ಜಗದೀಶ ಆ ಕೆಂಪು ಬ್ರಾಸ್ ವಾಪಸ್ ತಗೊಳ್ಳುವ ಜನ ಅಲ್ಲ. ಕ್ಲಬ್ಬಿನಲ್ಲಿ ಸಿಕ್ಕಿದಾಗ ಕೇಳಿದೆ, ಎಂತಕ್ಕೆ ತರಿಸಿಕೊಂಡದ್ದು ಮಾರಾಯ ಅಂತ.”

“ಅವನು ಏನಂದ?”

“ಮೊದಲು ಮುಖ ನೋಡಿದ. ಅವನಿಗೆ ವಿಷಯ ಗೊತ್ತೇ ಇರ್ಲಿಲ್ಲ, ಅದು ನನಗೆ ಕಂಡಿತು. ಆಮೇಲೆ, ಹೌದು, ನಾನೇ ಹೇಳಿ ಕಳಿಸಿದ್ದು ಅಂದ.”

ಸೌಜನ್ಯ ತಟ್ಟನೆ ತಲೆಯೆತ್ತಿದಳು. ಈ ಮಾತು ಅವಳಿಗೂ ಹೊಸದು. ಗಂಡನಿಗೆ ತಿಳಿದಿತ್ತು ಅನ್ನುವುದೇ ಅವಳಿಗೆ ತಿಳಿದಿರಲಿಲ್ಲ.

ಈ ಕೇಸಿನಲ್ಲಿ ಮೊದಲ ದಿನದಿಂದ ನನಗೆ ಅರ್ಥವಾಗದೆ ಉಳಿದದ್ದು ಜಗದೀಶನ ಮೌನ. ನಾನು ಮಾಡಿಲ್ಲ ಅನ್ನುವ ಒಂದು ಮಾತು ಬಿಟ್ಟರೆ ಅವನು ಲಾಯರಿಗೂ ಏನನ್ನೂ ಹೇಳಿರಲಿಲ್ಲ. ಒಂದು ಕೂದಲೆಳೆಯ ಬಿರುಕು ಕಾಣುವ ಕಣ್ಣು ಅವನದು. ಪೊಲೀಸರು ಆ ತೋಟಾವನ್ನು ಮೇಜಿನ ಮೇಲಿಟ್ಟ ಕೂಡಲೇ ಅದು ಹುಳಿಯಲ್ಲಿ ನೆಂದದ್ದು ಅಂತ ಅವನಿಗೆ ಗೊತ್ತಾಗಿರಬೇಕು. ಇದು ನಾನು ಎಂದೂ ತುಂಬಿಸುವ ಹಿತ್ತಾಳೆಯಲ್ಲ ಅಂತ ಒಂದು ಮಾತು ಹೇಳಿದ್ದರೆ ಅವನ ಪರ ಕೇಸು ಅಲ್ಲೇ ತಿರುಗುತ್ತಿತ್ತು. ಅವನು ಹೇಳಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಆ ಡಬ್ಬಿ ಯಾರ ಹತ್ತಿರ ಇತ್ತು ಅನ್ನುವುದು.

ಆ ಪ್ರಶ್ನೆಯನ್ನೇ ಈಗ ಹರ್ಷನ ಬಾಯಲ್ಲಿ ಇಟ್ಟು ನಾನು ಜೈಲಿಗೆ ಕಳಿಸಿದ್ದೆ.

ಅವನಿಗೆ ಫೋನ್ ಮಾಡಿ ತಡೆಯಬೇಕು ಅಂತ ಬೆರಳು ಹಾಕಿದೆ. ಅಷ್ಟರಲ್ಲಿ ಅವನದೇ ಫೋನ್ ಬಂತು. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಅವಸರವಾದರೆ ಅವನ ಕನ್ನಡ ಕೈಕೊಡುತ್ತದೆ.

“ಆಂಟಿ, ಐ ಜಸ್ಟ್ ಗಾಟ್ ಔಟ್. ನಾನು ಆ ಟ್ಯಾಮರಿಂಡ್ ವಿಷಯ ಕೇಳಿದೆ. ಅಷ್ಟೇ ಕೇಳಿದ್ದು. ದೆನ್ ಹಿ ಸೆಡ್, ಆ ಬ್ರಾಸ್ ನಾನೇ ಲೋಡ್ ಮಾಡಿದ್ದು, ನಾನೇ ಶೂಟ್ ಮಾಡಿದ್ದು. ಹಿ ವಾಂಟ್ಸ್ ಟು ಪ್ಲೀಡ್ ಗಿಲ್ಟಿ.”

“ತಪ್ಪು ಒಪ್ಪಿಕೊಳ್ತಾನಾ?” ಅಂತ ನನ್ನ ಬಾಯಿಂದ ಗಟ್ಟಿಯಾಗಿಯೇ ಬಂದುಬಿಟ್ಟಿತು.

ಹರ್ಷ ಇನ್ನೂ ಹೇಳುತ್ತಿದ್ದ. ಸೋಮವಾರವೇ ಸರ್ಕಾರಿ ವಕೀಲರ ಹತ್ತಿರ ಮಾತಾಡಬೇಕಂತೆ. ತಾಯಿಗೆ ಈಗಲೇ ಹೇಳಬೇಡಿ ಅಂದನಂತೆ. ಇನ್ನು ಮೇಲೆ ಸರೋಜಿನಿಯವರು ಈ ಕೇಸಿನಲ್ಲಿ ಬೇಡ ಅಂದನಂತೆ. ಕೊಲೆ ಒಪ್ಪಿಕೊಂಡವನು ಹೊರಗೆ ಬರುವಾಗ ಅವನ ತಾಯಿ ಇರುವುದಿಲ್ಲ, ಅವನೂ ಬರುತ್ತಾನೋ ಇಲ್ಲವೋ. ಅವನನ್ನು ಉಳಿಸಲೆಂದು ನಾನು ಹುಡುಕಿ ತೆಗೆದ ಒಂದೇ ಒಂದು ಸತ್ಯ ಅವನ ಬಾಯಿಂದ ಆ ಸುಳ್ಳನ್ನು ಹೊರಡಿಸಿತ್ತು. ನಾನು ಫೋನ್ ಇಟ್ಟೆ.

ರಮಾನಾಥರು ಮೇಜಿನ ಮುಂದಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದರು. ಮಾರಾಯ, ಮಾರಾಯ ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನನ್ನ ಮೇಲೆ, ಅವರ ಮೇಲೆ, ಆ ಕಪಾಟಿನ ಮೇಲೆ ಇದ್ದ ಸಿಟ್ಟೆಲ್ಲ ಒಂದೇ ಕಡೆ ಸೇರಿ ನಾನು ಸೌಜನ್ಯಳ ತೋಳು ಹಿಡಿದೆ. ನಿನ್ನ ಗಂಡ ನಿನಗೋಸ್ಕರ ಬದುಕನ್ನೇ ಬರೆದುಕೊಡುತ್ತಿದ್ದಾನೆ, ಈಗಲಾದರೂ ಬಾಯಿ ಬಿಡು ಅಂದೆ.

ಅವಳು ಅಳುತ್ತಾಳೆ ಅಂದುಕೊಂಡೆ. ಕುಸಿಯುತ್ತಾಳೆ ಅಂದುಕೊಂಡೆ. ಅವಳು ನಿಧಾನವಾಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೋಳು ತೆಗೆದುಕೊಂಡಳು. ಬೆಳಗಿನಿಂದ ಇದ್ದ ನಡುಕ ಅವಳ ದನಿಯಲ್ಲಿ ಇರಲಿಲ್ಲ.

“ಅವರು ಒಪ್ಕೊಂಡ್ಮೇಲೆ” ಅಂದಳು, “ಪೊಲೀಸ್ನೋರು ಇನ್ನು ಯಾರನ್ನೂ ಹುಡುಕಲ್ಲ ಅಲ್ವಾ ಆಂಟಿ?”